ನಾಗರಹಾವು: ತಪ್ಪು ಚಾಮಯ್ಯ ಮೇಷ್ಟ್ರದಾ, ರಾಮಾಚಾರಿಯದಾ?

ಕಾಫಿಪುಡಿ

ಭಾನುವಾರ ಮಧ್ಯಾಹ್ನ ಅಮ್ಮನ ಜೊತೆ ಕೂತು ಮತ್ತೆ ‘ನಾಗರಹಾವು’ ನೋಡಿದೆ. ಎಷ್ಟನೇ ಸಲ ಅಂತ ಲೆಕ್ಕ ಇಟ್ಟಿಲ್ಲ. ಚಿಕ್ಕವಳಿದ್ದಾಗ ಕೊನೆಯ ದೃಶ್ಯ ಬಂದರೆ ದಿಂಬಿಗೆ ಮುಖ ಒತ್ತಿಕೊಂಡು ಅಳುತ್ತಿದ್ದೆ, ಮೇಷ್ಟ್ರು ಬಿದ್ದುಹೋದರಲ್ಲ ಅಂತ. ಈ ಸಲ ಅಳು ಬರಲಿಲ್ಲ. ಸಿಟ್ಟು ಬಂತು. ಅದೂ ಮೇಷ್ಟ್ರ ಮೇಲೆ!

ಅಮ್ಮ ಕಣ್ಣೊರೆಸಿಕೊಂಡು, “ದೊಡ್ಡವರ ಮಾತು ಕೇಳ್ದಿದ್ರೆ ಹೀಗೇ ಆಗೋದು” ಅಂದರು. “ಕೇಳಿದ್ದಕ್ಕೇ ಅಲ್ವಾ ಅಮ್ಮ ಹೀಗಾಗಿದ್ದು?” ಅಂದೆ. ಅಷ್ಟೇ. ವಾದ ರಾತ್ರಿ ಊಟದ ತನಕ ಎಳೆಯಿತು. ಸಾರು ಉಕ್ಕಿ ಒಲೆ ಆರಿಹೋಗಿದ್ದು ಇಬ್ಬರಿಗೂ ಗೊತ್ತಾಗಲಿಲ್ಲ.

ನೋಡದವರು ಯಾರಾದರೂ ಇದ್ದರೆ ಕಥೆ ಇಷ್ಟು. ಚಿತ್ರದುರ್ಗದ ಹುಡುಗ ರಾಮಾಚಾರಿ. ಮಹಾ ಮುಂಗೋಪಿ. ಊರಲ್ಲಿ ಯಾರ ಮಾತಿಗೂ ಬಗ್ಗದವನು ಚಾಮಯ್ಯ ಮೇಷ್ಟ್ರು ಹೇಳಿದರೆ ಮಾತ್ರ ಕುರಿಮರಿ. ಅಲಮೇಲುವನ್ನು ಪ್ರೀತಿಸುತ್ತಾನೆ. ಜಾತಿ ಬೇರೆ, ತ್ಯಾಗ ಮಾಡು ಅಂತಾರೆ ಮೇಷ್ಟ್ರು. ಮಾಡುತ್ತಾನೆ. ಅವಳನ್ನು ಬೇರೆಯವನಿಗೆ ಕೊಡುತ್ತಾರೆ. ಆ ಗಂಡನಿಂದಲೇ ಅವಳು ಮೈ ಮಾರಿಕೊಳ್ಳುವ ಸ್ಥಿತಿಗೆ ಬರುತ್ತಾಳೆ. ಮುಂದೆ ರಾಮಾಚಾರಿಗೆ ಮಾರ್ಗರೆಟ್ ಸಿಗುತ್ತಾಳೆ. ಮೇಷ್ಟ್ರು ಮತ್ತೆ ಬೇಡ ಅಂತಾರೆ. ಬೆಟ್ಟದ ಮೇಲೆ ಜಗಳ. ಇವನು ತಳ್ಳುತ್ತಾನೆ, ಮೇಷ್ಟ್ರು ಬೀಳುತ್ತಾರೆ, ಇವರಿಬ್ಬರೂ ಹಿಂದೆಯೇ ಹಾರುತ್ತಾರೆ.

ಈಗ ಹೇಳಿ. ತಪ್ಪು ಯಾರದು? ಅಮ್ಮನಿಗೆ ಓದಿ ಹೇಳಬೇಕು, ಸ್ವಲ್ಪ ಮರ್ಯಾದೆಯಿಂದ ಬರೆಯಿರಿ.

ಹಳೇರೀಲು

ನಿಮ್ಮ ಅಮ್ಮನ ಪಕ್ಷ ನಾನು. 1972ರ ಡಿಸೆಂಬರ್ ಕೊನೆಗೆ ಬಂದ ಸಿನಿಮಾ ಇದು. ನಾನು ಆಗ ಹೈಸ್ಕೂಲು. ಟಾಕೀಸಿನಲ್ಲಿ ಮೇಷ್ಟ್ರು ಬಿದ್ದಾಗ ಸುತ್ತಲಿದ್ದ ಗಂಡಸರೆಲ್ಲ ಮೂಗು ಏರಿಸುತ್ತಿದ್ದ ಸದ್ದು ಇವತ್ತಿಗೂ ಕಿವಿಯಲ್ಲಿದೆ. ಒಬ್ಬರೂ ‘ಮೇಷ್ಟ್ರು ತಪ್ಪು’ ಅಂತ ಎದ್ದು ಹೋಗಲಿಲ್ಲ.

ಅಂದಿನ ದುರ್ಗದಲ್ಲಿ ಒಬ್ಬ ಪ್ರೈಮರಿ ಶಾಲೆ ಮೇಷ್ಟ್ರು ‘ಹೋಗಪ್ಪ, ಜಾತಿ ಬಿಟ್ಟು ಮದುವೆಯಾಗು’ ಅಂತ ಹೇಳಬೇಕಿತ್ತು ಅಂತೀರಾ? ಊರವರು ಬಾಗಿಲಿಗೆ ಸಗಣಿ ಎರಚುತ್ತಿದ್ದರು. ಇವತ್ತಿನ ತಕ್ಕಡಿಯಲ್ಲಿ ಅವರನ್ನು ತೂಗಬೇಡಿ.

ಇನ್ನೊಂದು ವಿಷಯ. ಆ ಪಾತ್ರ ಮಾಡುವಾಗ ಕೆ.ಎಸ್. ಅಶ್ವಥ್ ಅವರಿಗೆ ಬರೀ 47 ವರ್ಷ. ಶಿಷ್ಯನಾದ ವಿಷ್ಣುವರ್ಧನ್‌ಗೆ 22. ಆ ನಡಿಗೆ, ಆ ದನಿ ಕೇಳಿದರೆ ಎಪ್ಪತ್ತರ ಹತ್ತಿರದ ಮನುಷ್ಯ ಅನ್ನಿಸುತ್ತದೆ.

ಕಡ್ಲೆಪುರಿ

47 ವರ್ಷಕ್ಕೆ ಅಷ್ಟು ಮುದುಕರಾ? ನಮ್ಮ ಆಫೀಸಿನ ಮ್ಯಾನೇಜರ್‌ಗೆ 47. ಟ್ರೆಕ್ಕಿಂಗ್ ಹೋಗಿ ಫೋಟೋ ಹಾಕ್ತಾರೆ.

ನನ್ನ ಲೆಕ್ಕ ಸಿಂಪಲ್. ಮೇಷ್ಟ್ರು ಎರಡು ಸಲ ಬುದ್ಧಿ ಹೇಳಿದರು. ಮೊದಲನೇದಕ್ಕೆ ಒಂದು ಹುಡುಗಿ ಬಾಳು ಹೋಯ್ತು. ಎರಡನೇದಕ್ಕೆ ಮೂರು ಹೆಣ. ಇಂಥ ದಾಖಲೆ ಇಟ್ಟುಕೊಂಡು ಯಾರಾದರೂ ಬುದ್ಧಿ ಹೇಳೋ ಕೆಲಸ ಮುಂದುವರಿಸ್ತಾರಾ?

ಹಳೇರೀಲು

ಕಡ್ಲೆಪುರಿ ಅವರೇ, ಲೆಕ್ಕ ಸಿಂಪಲ್ ಇರಬಹುದು, ಸಿನಿಮಾ ಸಿಂಪಲ್ ಅಲ್ಲ. ಮೊದಲು ಪೂರ್ತಿ ನೋಡಿ ಬನ್ನಿ.

ಕಡ್ಲೆಪುರಿ

ನೋಡಿದೀನಿ ಸರ್. 2018ರಲ್ಲಿ ಹೊಸ ಪ್ರಿಂಟ್ ಬಂದಾಗ ಅಪ್ಪನ ಜೊತೆ ಥಿಯೇಟರಲ್ಲೇ ನೋಡಿದ್ದು. ಅಪ್ಪ ಅತ್ತರು. ನಾನು ಪಾಪ್‌ಕಾರ್ನ್ ಹಿಡ್ಕೊಂಡು ಅವರನ್ನೇ ನೋಡ್ತಿದ್ದೆ.

ದುರ್ಗದವನು

ನಮ್ಮೂರ ವಿಷಯ ಬಂತಲ್ಲ, ಸುಮ್ನೆ ಕೂರೋಕೆ ಆಗಲಿಲ್ಲ.

ಶೂಟಿಂಗ್ ನಡೆಯುವಾಗ ನಮ್ಮಪ್ಪನಿಗೆ ಹನ್ನೊಂದು ವರ್ಷ. ಶಾಲೆಗೆ ಚಕ್ಕರ್ ಹೊಡೆದು ಕೋಟೆಗೆ ಓಡುತ್ತಿದ್ದರಂತೆ. ‘ಬಾರೆ ಬಾರೆ’ ಹಾಡಿನ ಕಥೆಯನ್ನು ಅವರ ಬಾಯಲ್ಲೇ ಕೇಳಬೇಕು. ಬೆಟ್ಟದ ಮೇಲೆ ಇವರು ಕಣ್ಣಾರೆ ನೋಡಿದ್ದು ಹುಡುಗ, ಹುಡುಗಿ ಮಾಮೂಲಿಯಾಗಿ ಓಡಿದ್ದನ್ನು. ಆಮೇಲೆ ಟಾಕೀಸಿನಲ್ಲಿ ನೋಡಿದರೆ ಇಬ್ಬರೂ ನೀರೊಳಗೆ ತೇಲಿದ ಹಾಗೆ! “ನಾನು ನೋಡಿದ್ದು ಹಿಂಗಲ್ಲ” ಅಂತ ಜೊತೆಗಾರರ ಹತ್ತಿರ ಜಗಳವಾಡಿ ಸುಳ್ಳ ಅನ್ನಿಸಿಕೊಂಡು ಬಂದರಂತೆ. ಸ್ಲೋ ಮೋಷನ್ ಅಂದರೆ ಕ್ಯಾಮೆರಾವನ್ನು ಜೋರಾಗಿ ಓಡಿಸಿ, ಪರದೆಗೆ ಮಾಮೂಲಿ ವೇಗದಲ್ಲಿ ಬಿಡೋದು ಅಂತ ಅವರಿಗೆ ಯಾರು ಹೇಳಬೇಕು? ಛಾಯಾಗ್ರಾಹಕ ಚಿಟ್ಟಿಬಾಬು ಅವರ ಮೇಲಿನ ಆ ಸಿಟ್ಟು ಅಪ್ಪನಿಗೆ ಇಪ್ಪತ್ತು ವರ್ಷ ಇತ್ತು.

ಈಗ ವಿಷಯಕ್ಕೆ ಬರ್ತೀನಿ. ಕೋಟೆಯಲ್ಲಿ ಗೈಡ್‌ಗಳು ಒನಕೆ ಓಬವ್ವನ ಕಿಂಡಿ ತೋರಿಸಿದ ಬಾಯಲ್ಲೇ ‘ನಾಗರಹಾವು’ ಶೂಟಿಂಗ್ ಜಾಗವನ್ನೂ ತೋರಿಸ್ತಾರೆ. ಹೊರಗಿನಿಂದ ಬಂದವರು ಬಂಡೆ ಮೇಲೆ ನಿಂತು “ರಾಮಾಚಾರೀ” ಅಂತ ಕೂಗ್ತಾರೆ. ಕಲ್ಲು ತಿರುಗಿಸಿ ಕೂಗುತ್ತೆ. ನಾನು ಚಿಕ್ಕವನಿದ್ದಾಗ ಗಮನಿಸಿದ್ದು ಏನು ಗೊತ್ತಾ? ಎಲ್ಲರೂ ಕೂಗೋದು ಮೇಷ್ಟ್ರ ದನಿಯಲ್ಲಿ. “ಮೇಷ್ಟ್ರೇ” ಅಂತ ರಾಮಾಚಾರಿ ದನಿಯಲ್ಲಿ ಕೂಗಿದವರನ್ನು ನಾನು ಕಂಡಿಲ್ಲ. ಎಲ್ಲರಿಗೂ ಒಳಗೆ ಬುದ್ಧಿ ಹೇಳುವ ಆಸೆಯೇ ಜಾಸ್ತಿ ಅನ್ಸುತ್ತೆ.

ನನ್ನ ವೋಟು ರಾಮಾಚಾರಿಗೆ. ಅವನದ್ದು ತಪ್ಪು ಅಂತಲ್ಲ. ಅವನು ನಮ್ಮೂರಿನವನು ಅಂತ, ಅಷ್ಟೇ.

ಬಳಪ

ಈ ಚರ್ಚೆಯನ್ನು ಮೂರು ದಿನದಿಂದ ಓದುತ್ತಿದ್ದೇನೆ. ಬರೆಯಲೋ ಬೇಡವೋ ಅಂತಿತ್ತು. ನಾನು 34 ವರ್ಷ ಹಳ್ಳಿ ಶಾಲೆಗಳಲ್ಲಿ ಮೇಷ್ಟ್ರಾಗಿದ್ದವನು. ಈ ಸಿನಿಮಾ ನೋಡಿಯೇ ಮೇಷ್ಟ್ರಾಗಬೇಕು ಅಂದುಕೊಂಡವನು ಅಂದರೂ ಸುಳ್ಳಲ್ಲ.

ಮೇಷ್ಟ್ರ ಕಡೆಯಿಂದ ಒಂದು ಮಾತು ಹೇಳಬೇಕು. ತರಗತಿಯಲ್ಲಿ ನಲವತ್ತು ಮಕ್ಕಳಿದ್ದರೆ ಒಬ್ಬನಾದರೂ ರಾಮಾಚಾರಿ ಇರುತ್ತಾನೆ. ಎಲ್ಲರೂ ಕೈಬಿಟ್ಟವನು. ಅವನು ನಮ್ಮ ಮಾತು ಮಾತ್ರ ಕೇಳುತ್ತಾನೆ ಅಂತ ಗೊತ್ತಾದ ದಿನ ಎದೆ ಎಷ್ಟು ಉಬ್ಬುತ್ತದೆ ಅಂತ ಹೇಳಲಾರೆ. ಊರವರು ಬಂದು “ಸಾರ್, ನೀವು ಹೇಳಿದ್ರೆ ಅವನು ಕೇಳ್ತಾನೆ” ಅಂತಾರೆ. ಆ ಮಾತಿನ ರುಚಿ ಕೆಟ್ಟದ್ದು. ಒಂದು ಸಲ ಹತ್ತಿತೋ, ಬಿಡುವುದಿಲ್ಲ.

ನನಗೂ ಅಂಥ ಒಬ್ಬ ಹುಡುಗನಿದ್ದ. ಹೆಸರು ಬೇಡ. ಕಲ್ಲು ಹೊಡೆಯುವುದರಲ್ಲಿ ನಿಸ್ಸೀಮ. ಏಳನೇ ಕ್ಲಾಸು ಮುಗಿಸಿ ದೊಡ್ಡವನಾದ ಮೇಲೂ ಸಂಜೆ ನಮ್ಮನೆ ಜಗುಲಿಗೆ ಬಂದು ಕೂರುತ್ತಿದ್ದ. ನನ್ನ ಹೆಂಡತಿ ಅವನಿಗೆ ಅಂತಲೇ ಒಂದು ರೊಟ್ಟಿ ಜಾಸ್ತಿ ತಟ್ಟುತ್ತಿದ್ದಳು. ಒಂದು ದಿನ ಬಂದು, “ಸಾರ್, ನಾನು ಓದು ಬಿಟ್ಟು ಲಾರಿ ಕೆಲಸಕ್ಕೆ ಹೋಗ್ಲಾ?” ಅಂತ ಕೇಳಿದ. ಅವರಪ್ಪ ಹಿಂದಿನ ದಿನವೇ ಬಂದು ನನ್ನ ಕೈ ಹಿಡಿದುಕೊಂಡು ಹೋಗಿದ್ದ: ಡಿಪ್ಲೊಮಾ ಸೇರಲಿಕ್ಕೆ ಹೇಳಿ, ನಿಮ್ಮ ಮಾತು ಮೀರಲ್ಲ ಅಂತ. ಹೇಳಿದೆ. ಸೇರಿದ. ಎರಡು ವರ್ಷ ಫೇಲಾಗಿ ಊರಿಗೆ ಬಂದವನು ನಮ್ಮ ಜಗುಲಿಗೆ ಬರಲಿಲ್ಲ. ದಾರಿಯಲ್ಲಿ ಸಿಕ್ಕರೆ ಸೈಕಲ್ ಇಳಿದು ನಮಸ್ಕಾರ ಮಾಡುತ್ತಿದ್ದ. ಮಾತಿಲ್ಲ.

ನಾನು ಅವನನ್ನು ‘ನಿನಗೇನು ಇಷ್ಟ?’ ಅಂತ ಕೇಳಿರಲೇ ಇಲ್ಲ. ಕೇಳಬೇಕು ಅಂತ ಹೊಳೆಯಲೂ ಇಲ್ಲ. ಅವನು ಬಂದಿದ್ದು ಕೇಳಲಿಕ್ಕೆ, ನಾನಿದ್ದದ್ದು ಹೇಳಲಿಕ್ಕೆ ಅಂದುಕೊಂಡಿದ್ದೆ.

ಚಾಮಯ್ಯ ಮೇಷ್ಟ್ರು ಕೆಟ್ಟವರಲ್ಲ ತಾಯಿ. ಆದರೆ ಊರಿನ ಭಯವನ್ನು ತಮ್ಮ ಬಾಯಲ್ಲಿ ಆಡಿದರು. ಊರು ನೇರವಾಗಿ ಹೇಳಿದ್ದರೆ ರಾಮಾಚಾರಿ ಕಲ್ಲು ಹೊಡೆಯುತ್ತಿದ್ದ. ಮೇಷ್ಟ್ರು ಹೇಳಿದ್ದರಿಂದ ತಲೆ ತಗ್ಗಿಸಿದ.

ಕಾಫಿಪುಡಿ

ಸರ್, ಅಮ್ಮನಿಗೆ ಇದನ್ನು ಪೂರ್ತಿ ಓದಿ ಹೇಳಿದೆ. ರೊಟ್ಟಿ ಬಂದ ಕಡೆ ಇನ್ನೊಂದು ಸಲ ಓದು ಅಂದರು. ಆ ಹುಡುಗ ಈಗೇನು ಮಾಡ್ತಿದ್ದಾನೆ ಅಂತಲೂ ಕೇಳ್ತಿದ್ದಾರೆ.

ಬಳಪ

ಎರಡು ಲಾರಿ ಇಟ್ಟಿದ್ದಾನೆ. ನನ್ನ ಮಗಳ ಮದುವೆಗೆ ಪಾತ್ರೆ, ಶಾಮಿಯಾನ ಸಾಗಿಸಿದ್ದು ಅವನೇ. ಬಾಡಿಗೆ ತಗೊಳ್ಳಲಿಲ್ಲ.

ಒಗ್ಗರಣೆ

ಎಲ್ಲರೂ ಮೇಷ್ಟ್ರು, ರಾಮಾಚಾರಿ ಅಂತ ಜಗ್ಗಾಡ್ತಿದ್ದೀರಿ. ಅಲಮೇಲು ಅಣ್ಣ ವರದನನ್ನು ಮರೆತೇಬಿಟ್ಟಿರಾ?

ಸಿನಿಮಾ ಇನ್ನೊಂದು ಸಲ ನೋಡಿ. ಜಲೀಲ ಅವಳ ಹಿಂದೆ ಬಿದ್ದಿದ್ದಾನೆ. ವರದನಿಗೆ ಎದುರಿಸುವ ತಾಕತ್ತಿಲ್ಲ. ಅದಕ್ಕೆ ರಾಮಾಚಾರಿ ಹತ್ತಿರ ಹೋಗುತ್ತಾನೆ. ಏನಂತಾನೆ? ಅವನನ್ನು ಬಡಿದು ಹಾಕು, ನನ್ನ ತಂಗಿಯನ್ನು ನಿನಗೇ ಕೊಟ್ಟು ಮದುವೆ ಮಾಡ್ತೀನಿ. ಅಂದರೆ ಗೂಂಡಾನಿಂದ ಕಾಪಾಡಿದ್ದಕ್ಕೆ ಕೂಲಿಯಾಗಿ ತಂಗಿ! ಅವಳನ್ನು ಒಂದು ಮಾತು ಕೇಳಿದ್ದಾನಾ? ಕೆಲಸ ಆದ ಮೇಲೆ ಆ ಮಾತಿಗೂ ತಪ್ಪಿದ.

ಹಾಗಾದರೆ ಅಲಮೇಲು ಎಷ್ಟು ಕೈ ಬದಲಾದಳು ನೋಡಿ. ಅಣ್ಣ ರಾಮಾಚಾರಿಗೆ ಮಾತು ಕೊಟ್ಟ. ಮೇಷ್ಟ್ರು ರಾಮಾಚಾರಿಯಿಂದ ಬಿಡಿಸಿದರು. ಮನೆಯವರು ಬೇರೊಬ್ಬನಿಗೆ ಕೊಟ್ಟರು. ಅವನು ಅವಳನ್ನು ಮೈ ಮಾರಲು ಇಳಿಸಿದ. ಇದರಲ್ಲಿ ಅವಳು ತಾನಾಗಿ ಮಾಡಿದ್ದು ಒಂದೇ, ಪ್ರೀತಿಸಿದ್ದು. ಮೇಷ್ಟ್ರು ‘ತ್ಯಾಗ’ ಅಂತಾರಲ್ಲ, ನಿನ್ನದಲ್ಲದ್ದನ್ನು ಬಿಟ್ಟುಕೊಟ್ಟರೆ ಅದು ಹೇಗೆ ತ್ಯಾಗ ಆಗುತ್ತೆ? ಅವಳೇನು ರಾಮಾಚಾರಿಯ ಹೊಲವಾ?

2018ರಲ್ಲಿ ನಾನೂ ಥಿಯೇಟರಿಗೆ ಹೋಗಿದ್ದೆ. ಅತಿ ಜೋರು ಸೀಟಿ ಬಿದ್ದಿದ್ದು ಯಾವುದಕ್ಕೆ ಗೊತ್ತಾ? ಬುಲ್‌ಬುಲ್ ಡೈಲಾಗಿಗೆ. ಜಲೀಲ ಅವಳಿಗೆ ಹೊಡೆಯೋ ಡೈಲಾಗು ಅದು. ಜಲೀಲನ ಪಾತ್ರ ಮಾಡಿದ ಅಂಬರೀಶ್ ಅವರ ಮೊದಲ ಸಿನಿಮಾ, ಖುಷಿ ಅರ್ಥ ಆಗುತ್ತೆ. ನನಗೂ ಅವರ ಆ ಸಿಗರೇಟು ಎಸೆದು ಬಾಯಲ್ಲಿ ಹಿಡಿಯೋ ಸ್ಟೈಲು ಇಷ್ಟ. ಆದರೆ ಪರದೆ ಮೇಲೆ ಅಲಮೇಲು ಹೆದರಿ ನಡೆಯುತ್ತಿದ್ದಾಳೆ, ಕೆಳಗೆ ಮುನ್ನೂರು ಜನ ಸೀಟಿ ಹೊಡೀತಿದ್ದಾರೆ. ನನ್ನ ಪಕ್ಕ ಕೂತಿದ್ದ ಪಿಯುಸಿ ಹುಡುಗಿ ಮೊಬೈಲ್ ತೆಗೆದು ನೋಡ್ತಾ ಕೂತಳು. ಬೋರಾಗಿ ಅಲ್ಲ. ನನಗೆ ಗೊತ್ತಾಯಿತು.

ದುರ್ಗದವನು

ಅಕ್ಕ, ಒಪ್ಪಿದೆ. ವರದನ ಬಗ್ಗೆ ನಾನು ಹೀಗೆ ಯೋಚಿಸೇ ಇರಲಿಲ್ಲ. ಶಿವರಾಮಣ್ಣ ಆ ಪಾತ್ರ ಮಾಡಿದ್ದರಿಂದ ಪಾಪದವನು ಅಂತ ಬಿಟ್ಟುಬಿಟ್ಟಿದ್ದೆ.

ಪುಸ್ತಕದ ಹುಳ

ಕಾದಂಬರಿ ಮಾತು ಯಾರೂ ಎತ್ತಲಿಲ್ಲವಲ್ಲ ಅಂತ ಕಾಯ್ತಿದ್ದೆ.

ತ.ರಾ. ಸುಬ್ಬರಾಯರು, ಅಂದರೆ ನಮ್ಮ ತರಾಸು, ಬರೆದದ್ದು ಒಂದಲ್ಲ, ಮೂರು ಕಾದಂಬರಿ: ‘ನಾಗರಹಾವು’, ‘ಒಂದು ಗಂಡು ಎರಡು ಹೆಣ್ಣು’, ‘ಸರ್ಪಮತ್ಸರ’. ಮೂರನ್ನೂ ಅರೆದು ನಿರ್ದೇಶಕ ಪುಟ್ಟಣ್ಣ ಕಣಗಾಲ್ ಒಂದು ಸಿನಿಮಾ ಮಾಡಿದರು. ಎರಡನೇ ಹೆಸರು ನೋಡಿ. ಮೇಷ್ಟ್ರಿಗೆ ಅಲ್ಲಿ ಜಾಗವೇ ಇಲ್ಲ! ಲೇಖಕರ ಪ್ರಕಾರ ಕಥೆ ಒಂದು ಗಂಡಿನದು, ಎರಡು ಹೆಣ್ಣಿನದು. ಸಿನಿಮಾ ನೋಡಿದವರ ಬಾಯಲ್ಲಿ ಉಳಿದದ್ದು ಎರಡು ಗಂಡಿನ ಕಥೆ. ಗುರು, ಶಿಷ್ಯ. ಹೆಣ್ಣುಗಳು ಹಾಡಿಗೆ ಬಂದು ಹೋದರು.

ತರಾಸು ಅವರಿಗೆ ಸಿನಿಮಾ ಹಿಡಿಸಲಿಲ್ಲ. “ನಾಗರಹಾವನ್ನು ಕೇರೆಹಾವು ಮಾಡಿಬಿಟ್ಟರು” ಅಂತ ಗೊಣಗಿದರು ಅನ್ನುವ ಮಾತು ಗಾಂಧಿನಗರದಲ್ಲಿ ಇವತ್ತಿಗೂ ಓಡಾಡುತ್ತೆ. ಜನ ಇದನ್ನು ಲೇಖಕರ ಬಿಗುಮಾನ ಅಂತ ನಗ್ತಾರೆ. ನನಗೆ ಹಾಗನ್ನಿಸಲ್ಲ. ಕೇರೆಹಾವಿಗೆ ವಿಷ ಇಲ್ಲ. ಹೊಡೆದು ಕೊಂದರೆ ಅಯ್ಯೋ ಪಾಪ ಅನ್ನಬಹುದು. ಸಿನಿಮಾದ ರಾಮಾಚಾರಿ ಮೇಲೆ ನಮಗೆ ಬರುವುದು ಅದೇ. ಕಾಪಿ ಹೊಡೆದು ಸಿಕ್ಕಿಬಿದ್ದು, ಸಸ್ಪೆಂಡ್ ಮಾಡಿದ ಪ್ರಿನ್ಸಿಪಾಲರನ್ನು ರಾತ್ರಿ ಅರೆಬೆತ್ತಲೆ ಕಂಬಕ್ಕೆ ಕಟ್ಟಿಹಾಕುತ್ತಾನೆ. ಇವತ್ತು ಯಾರಾದರೂ ಹಾಗೆ ಮಾಡಿದರೆ ಪೊಲೀಸ್ ಕೇಸು. ನಾವು ಮಾತ್ರ ನಕ್ಕು ಮುಂದೆ ಹೋಗ್ತೀವಿ. ಯಾಕೆ? ವಿಷ್ಣುವರ್ಧನ್ ಕಣ್ಣು! ಸಂಪತ್ ಕುಮಾರ್ ಅನ್ನೋ ಹುಡುಗನನ್ನು ವಿಷ್ಣುವರ್ಧನ್ ಮಾಡಿದ ಸಿನಿಮಾ ಇದು. ಆ ಕಣ್ಣು ನೋಡಿಕೊಂಡು ಯಾರಿಗೆ ಶಿಕ್ಷೆ ಕೊಡೋಕೆ ಮನಸ್ಸು ಬರುತ್ತೆ?

ಒಂದು ಸಮಾಧಾನ. ಮುನಿಸು ಏನೇ ಇರಲಿ, ಪುಟ್ಟಣ್ಣನವರ ಕೊನೆಯ ಸಿನಿಮಾ ‘ಮಸಣದ ಹೂವು’ ಕೂಡ ತರಾಸು ಕಾದಂಬರಿಯೇ.

ಹಳೇರೀಲು

ಒಗ್ಗರಣೆ ಅವರ ಮಾತು ಓದಿ ನಿನ್ನೆ ರಾತ್ರಿ ನಿದ್ದೆ ಬರಲಿಲ್ಲ. ಎದ್ದು ಮೊಬೈಲಿನಲ್ಲೇ ಅರ್ಧ ಸಿನಿಮಾ ನೋಡಿದೆ. ಹೆಂಡತಿ ಬೈದಳು.

ಸ್ವಲ್ಪ ಹಿಂದೆ ಸರಿಯುತ್ತೇನೆ. ಪೂರ್ತಿ ಅಲ್ಲ.

ಹಿಂದೆ ಸರಿದದ್ದು ಯಾಕೆ ಅಂದರೆ, ಇದೇ ಪುಟ್ಟಣ್ಣ 1967ರಲ್ಲಿ ‘ಬೆಳ್ಳಿಮೋಡ’ ಮಾಡಿದವರು. ತ್ರಿವೇಣಿ ಕಾದಂಬರಿ. ಆಸ್ತಿ ಕೈತಪ್ಪಿತು ಅಂತ ಇಂದಿರಾಳನ್ನು ಬಿಟ್ಟವನು ಕಾಲು ಮುರಿದುಕೊಂಡು ಬಿದ್ದಾಗ ಅವಳೇ ಆರೈಕೆ ಮಾಡುತ್ತಾಳೆ. ವಾಸಿಯಾಗಿ, ಮದುವೆಯಾಗೋಣ ಅಂತ ಬರುತ್ತಾನೆ. ಆಗಲ್ಲ ಅಂತಾಳೆ. ಕಲ್ಪನಾ ಹಾಗೆ ಅಂದಾಗ ಟಾಕೀಸಿನಲ್ಲಿ ಹೆಂಗಸರ ಕಡೆಯಿಂದ ಚಪ್ಪಾಳೆ ಬಿದ್ದಿತ್ತು ಅಂತ ನಮ್ಮಕ್ಕ ಹೇಳುತ್ತಿದ್ದಳು. ಆಮೇಲೆ ‘ಗೆಜ್ಜೆಪೂಜೆ’, ‘ಶರಪಂಜರ’. ಹೆಣ್ಣಿನ ಒಳಗಿನ ಮಾತನ್ನು ಇಷ್ಟು ಹೇಳಿದವರು ಆ ಕಾಲದಲ್ಲಿ ಇನ್ನೊಬ್ಬರಿಲ್ಲ. ಅಂಥವರ ಸಿನಿಮಾದಲ್ಲಿ ಅಲಮೇಲುವನ್ನು ಯಾರೂ ಏನೂ ಕೇಳುವುದಿಲ್ಲ ಅಂದರೆ, ಅದು ಮರೆತು ಆದದ್ದಾ, ಬೇಕಂತ ಮಾಡಿದ್ದಾ?

ನನಗೆ ಬೇಕಂತಲೇ ಅನ್ನಿಸಿತು. ಯಾಕೆಂದರೆ ‘ಕಥೆ ಹೇಳುವೆ’ ಹಾಡು ಇದೆ. ಪಿ. ಸುಶೀಲಾ ಹಾಡಿದ್ದು. ರಾಮಾಚಾರಿ ಹೋಟೆಲಿನಲ್ಲಿ ಅವಳನ್ನು ಕಂಡಾಗ ಬರುತ್ತದಲ್ಲ, ಅದು. ಇಡೀ ಸಿನಿಮಾದಲ್ಲಿ ಅವಳು ತನ್ನ ಕಥೆಯನ್ನು ತಾನೇ ಹೇಳುವುದು ಅಲ್ಲೊಂದೇ ಕಡೆ. ಅಷ್ಟು ಹೊತ್ತಿಗೆ ಎಲ್ಲ ಮುಗಿದಿರುತ್ತದೆ. ಐವತ್ತು ವರ್ಷದಿಂದ ನಾನು ಆ ಹಾಡಿಗೆ ಎದ್ದು ಹೊರಗೆ ಹೋಗುತ್ತಿದ್ದೆ, ನಿಧಾನದ ಹಾಡು ಅಂತ. ನಿನ್ನೆ ಕೂತು ಕೇಳಿದೆ. ಅಲಮೇಲು ಪಾತ್ರ ಮಾಡಿದ ಆರತಿ ಅವರ ಮುಖ ನೋಡಿದೆ.

ಸರಿಯದೆ ಉಳಿದದ್ದು ಇಷ್ಟು. ಮೇಷ್ಟ್ರು ಖಳನಾಯಕ ಅಲ್ಲ. ಬೆಟ್ಟದ ಮೇಲೆ ರಾಮಾಚಾರಿ ಅಲಮೇಲು ಗತಿ ಏನಾಯಿತು ಅಂತ ಎದುರು ನಿಂತು ಕೇಳಿದಾಗ ಅಶ್ವಥ್ ಅವರ ಮುಖ ನೋಡಿ. ಅಲ್ಲಿ ಒಬ್ಬ ಮನುಷ್ಯ ಒಳಗೇ ಬಿದ್ದುಹೋಗುತ್ತಾನೆ. ತಳ್ಳಿದ್ದು ಆಮೇಲೆ.

ಕಡ್ಲೆಪುರಿ

ಸರ್ ಎರಡು ಸಲ ಚೆನ್ನಾಗಿ ಬರೆದ್ರಿ, ಒಂದು ಸಲ ನನಗೆ ಬೈದ್ರಿ. ಲೆಕ್ಕ ಸಿಂಪಲ್ :)

ಇದನ್ನು ಪುಟ್ಟಣ್ಣನೇ ಹಿಂದಿಯಲ್ಲೂ ಮಾಡಿದ್ದಾರೆ ಅಂತ ಮೊನ್ನೆ ಗೊತ್ತಾಯ್ತು. 1974, ‘ಜಹರೀಲಾ ಇನ್ಸಾನ್’. ರಿಷಿ ಕಪೂರ್ ರಾಮಾಚಾರಿ ಪಾತ್ರ. ಜಲೀಲ ಮಾತ್ರ ಅಲ್ಲೂ ಅಂಬರೀಶೇ. ‘ಓ ಹಂಸಿನಿ’ ಹಾಡು ಎಲ್ಲರಿಗೂ ಗೊತ್ತು, ಸಿನಿಮಾ ಯಾರಿಗೂ ಗೊತ್ತಿಲ್ಲ. ಇಪ್ಪತ್ತು ನಿಮಿಷ ನೋಡಿದೆ. ರಿಷಿ ಕಪೂರ್ ಮುದ್ದಾಗಿದ್ದಾರೆ, ಅದೇ ಪ್ರಾಬ್ಲಂ. ಸಿಟ್ಟು ಬಂದರೆ ಚಾಕಲೇಟ್ ಕೊಡಿಸೋಣ ಅನ್ಸುತ್ತೆ. ಕೇರೆಹಾವು ಅಂದ್ರೆ ಅದು.

ಪೇಡೆ

ನಾನು ಧಾರವಾಡದಾಕಿ. ದುರ್ಗ ನೋಡಿದ್ದು ಬಸ್ಸಿನ ಕಿಟಕಿಯಿಂದ ಅಷ್ಟೇ. ಎರಡು ಮಾತು ಹೇಳಿ ಹೋಗ್ತೇನೆ.

ಒಂದು, ತುಂಗಮ್ಮ. ಮೇಷ್ಟ್ರ ಹೆಂಡತಿ. ಲೀಲಾವತಿ ಮಾಡಿದ್ದು. ಮಕ್ಕಳಿಲ್ಲದ ಮನಿ. ರಾಮಾಚಾರಿ ಆಕಿಗೆ ಮಗನೇ. ಮೇಷ್ಟ್ರು ಸಿಟ್ಟಾದರೂ ಆಕಿ ಬಿಟ್ಟುಕೊಡೋದಿಲ್ಲ. ಬೆಟ್ಟದ ಮೇಲೆ ಮೂರು ಜನ ಸತ್ತರು, ಎಲ್ಲರೂ ಅತ್ತೆವು. ಆ ಸಂಜೆ ಕೆಳಗ ಮನಿಯೊಳಗ ಒಬ್ಬಾಕಿ ಇಬ್ಬರ ಅಡಿಗಿ ಮಾಡಿ ಕೂತಿರಬೇಕಲ್ಲ? ಗಂಡನೂ ಬರೂದಿಲ್ಲ, ಮಗನೂ ಬರೂದಿಲ್ಲ. ಸುದ್ದಿ ತಂದವರು ಯಾರು, ಏನಂತ ಹೇಳಿದರು? ನನಗ ಸಿನಿಮಾ ಮುಗಿಯೋದು ಅಲ್ಲಿ.

ಎರಡು, ಮಾರ್ಗರೆಟ್. ಶುಭಾ ಎಷ್ಟು ಚಂದ ಮಾಡ್ಯಾರ. ಆಕಿ ಬಗ್ಗೆ ಇಷ್ಟು ಹೊತ್ತಿನ ತನಕ ಒಂದು ಸಾಲೂ ಬಂದಿಲ್ಲ ಇಲ್ಲಿ. ಆಕಿ ಹಾರಿದ್ದು ಯಾಕೆ? ರಾಮಾಚಾರಿಗೆ ಗುರು ಸತ್ತ ದುಃಖ. ಆಕಿಗೆ? ಗುರು ಆಕಿಯ ಗುರುವಲ್ಲ. ಬ್ಯಾಡ ಅಂದವರು ಅವರು. ಆದರೂ ಕೈ ಹಿಡಿದು ಹಾರಿದಳು. ಆ ಒತ್ತಾಯದ ಮುತ್ತಿನ ದೃಶ್ಯದಿಂದ ಪ್ರೀತಿ ಹುಟ್ಟಿತು ಅಂತ ತೋರಿಸ್ತಾರಲ್ಲ, ಅದನ್ನು ಈಗ ನನ್ನ ಮಗಳ ಮುಂದ ಕೂತು ನೋಡಲಿಕ್ಕೆ ಆಗೂದಿಲ್ಲ. ರಿಮೋಟ್ ಹುಡುಕ್ತೇನೆ.

ಒಗ್ಗರಣೆ

ಪೇಡೆ ಅಕ್ಕ, ತುಂಗಮ್ಮನ ಅಡುಗೆ ಅಂದಿರಲ್ಲ. ಇನ್ನು ಮೇಲೆ ಆ ಸಿನಿಮಾ ಮೊದಲಿನ ಹಾಗೆ ನೋಡೋಕಾಗಲ್ಲ ನನಗೆ.

ಬಳಪ

ತುಂಗಮ್ಮನ ಮಾತು ಓದಿ ನನ್ನ ಹೆಂಡತಿಗೆ ತೋರಿಸಿದೆ. “ಮೇಷ್ಟ್ರುಗಳಿಗೆ ಹೆಂಡತಿ ಹತ್ತಿರ ಒಂದು ಮಾತು ಕೇಳೋ ಅಭ್ಯಾಸ ಇದ್ದಿದ್ದರೆ ಸಿನಿಮಾ ಅರ್ಧಕ್ಕೇ ಮುಗೀತಿತ್ತು” ಅಂದಳು. ಆ ಲಾರಿ ಹುಡುಗನ ವಿಷಯದಲ್ಲೂ, “ಅವನಿಗೆ ಓದು ಹತ್ತಲ್ಲ ಅಂತ ನನಗೆ ಆಗಲೇ ಗೊತ್ತಿತ್ತು” ಅಂತ ಈಗ ಹೇಳುತ್ತಿದ್ದಾಳೆ. ರೊಟ್ಟಿ ತಿನ್ನುತ್ತಾ ಅವಳ ಹತ್ತಿರ ಎಲ್ಲ ಹೇಳಿಕೊಂಡಿದ್ದನಂತೆ.

ಇಪ್ಪತ್ತೆಂಟು ವರ್ಷ ಆಯಿತು. ನನಗೆ ಈಗ ಗೊತ್ತಾಗುತ್ತಿದೆ.

ದುರ್ಗದವನು

ಅಪ್ಪನಿಗೆ ಈ ಚರ್ಚೆ ಓದಿ ಹೇಳಿದೆ. ಅವರಿಗೆ ಇದ್ಯಾವುದೂ ಬೇಡ. ಹೇಳಿದ್ದು ಒಂದೇ: 2009ರ ಡಿಸೆಂಬರ್ 30ಕ್ಕೆ ವಿಷ್ಣುವರ್ಧನ್ ಹೋದರು. 2010ರ ಜನವರಿ 18ಕ್ಕೆ ಅಶ್ವಥ್ ಹೋದರು. “ಸಿನಿಮಾದಲ್ಲಿ ಗುರು ಮುಂದೆ ಹೋಗಿ ಶಿಷ್ಯ ಹಿಂದೆ ಹೋದ. ಇಲ್ಲಿ ಶಿಷ್ಯ ಮುಂದೆ, ಗುರು ಹಿಂದೆ. ಮೂರು ವಾರ ಕೂಡ ಬಿಟ್ಟಿರಲಿಲ್ಲ” ಅಂದರು. ಸುಮ್ಮನೆ ಕೂತುಬಿಟ್ಟರು. ಇದಕ್ಕೆ ವಾದ ಮಾಡೋಕೆ ನನ್ನ ಹತ್ತಿರ ಏನೂ ಇರಲಿಲ್ಲ.

ಕಾಫಿಪುಡಿ

ಅಮ್ಮನ ವಿಷಯ ಹೇಳಿ ಮುಗಿಸ್ತೀನಿ.

ಇಷ್ಟೂ ದಿನ ನಿಮ್ಮೆಲ್ಲರ ಮಾತು ಓದಿ ಹೇಳ್ತಾ ಇದ್ದೆ. ಮೇಷ್ಟ್ರ ಪಕ್ಷ ಬಿಟ್ಟಿರಲಿಲ್ಲ. ಹಳೇರೀಲು ಅವರು ಹಿಂದೆ ಸರಿದಾಗಲಂತೂ “ಗಂಡಸರಿಗೆ ನಿಲುವೇ ಇಲ್ಲ” ಅಂತ ಬೈದರು. ನಿನ್ನೆ ಸಂಜೆ ಅವರೆಕಾಯಿ ಸುಲಿಯುತ್ತಾ ಕೂತಿದ್ದೆವು. ಎಲ್ಲಿಂದಲೋ ಶುರು ಮಾಡಿದರು. “ನಮ್ಮ ಹೆಡ್‌ಮಾಸ್ಟರು ಬಂದು ನಿಮ್ಮ ತಾತನಿಗೆ ಹೇಳಿದ್ದು, ಹುಡುಗ ಬ್ಯಾಂಕಿನಲ್ಲಿದ್ದಾನೆ, ಒಪ್ಪಿಕೊಳ್ಳಿ ಅಂತ. ನಾನು ಟೀಚರ್ ಆಗೋಕೆ ಟಿಸಿಎಚ್ ಟ್ರೈನಿಂಗ್ ಮಾಡ್ಬೇಕು ಅಂತಿದ್ದೆ. ಅಪ್ಪನ ಹತ್ತಿರ ನನ್ನ ಪರ ಮಾತಾಡ್ತಾರೆ ಅಂತ ಮೇಷ್ಟ್ರನ್ನು ನಾನೇ ಮನೆಗೆ ಕರೆದಿದ್ದು.”

ಅಷ್ಟು ಹೇಳಿ ಸಿಪ್ಪೆ ಎಲ್ಲ ಪೇಪರಿಗೆ ಒಟ್ಟು ಮಾಡಿದರು. ಆಮೇಲೆ, “ನಿಮ್ಮಪ್ಪ ಒಳ್ಳೆಯವರು ಸಿಕ್ಕರು” ಅಂದರು. ಸ್ವಲ್ಪ ಹೊತ್ತು ಬಿಟ್ಟು, “ಸಿಕ್ಕರು, ಅಷ್ಟೇ” ಅಂದರು.

ನಲವತ್ತಾರು ವರ್ಷದಲ್ಲಿ ಟಿಸಿಎಚ್ ಮಾತು ನನಗೆ ಹೇಳಿರಲಿಲ್ಲ.

ಆದರೂ ಮೇಷ್ಟ್ರು ಸತ್ತಾಗ ಅಳು ಬರುತ್ತಂತೆ. ಅದಕ್ಕೂ ಇದಕ್ಕೂ ಸಂಬಂಧ ಇಲ್ಲವಂತೆ.

ಪೇಡೆ

ಅಮ್ಮನಿಗೆ ನನ್ನ ನಮಸ್ಕಾರ ಹೇಳ್ರಿ.

ಕಡ್ಲೆಪುರಿ

ನಮ್ಮಮ್ಮನಿಗೆ ಫೋನ್ ಮಾಡಿದೆ ಇದು ಓದಿ. ಏನು ಕೇಳಬೇಕು ಅಂತ ಗೊತ್ತಾಗದೆ ಊಟ ಆಯ್ತಾ ಅಂತ ಕೇಳಿ ಇಟ್ಟೆ. ಬೆಳಿಗ್ಗೆ ಹನ್ನೊಂದು ಗಂಟೆ. ಏನೋ ಆಗಿದೆ ಅಂತ ಮೂರು ಸಲ ವಾಪಸ್ ಮಾಡಿದ್ರು.

ಪುಸ್ತಕದ ಹುಳ

‘ಒಂದು ಗಂಡು ಎರಡು ಹೆಣ್ಣು’ ಬಿಡಿ ಪ್ರತಿ ಯಾರ ಹತ್ತಿರವಾದರೂ ಇದ್ದರೆ ಹೇಳಿ. ನನ್ನದನ್ನು ಓದೋಕೆ ತಗೊಂಡವರು ಹನ್ನೆರಡು ವರ್ಷ ಆದರೂ ವಾಪಸ್ ಕೊಟ್ಟಿಲ್ಲ. ನನ್ನ ದ್ವೇಷದ ಗಡುವು ಮುಗಿಯುತ್ತಾ ಬಂತು.

ಕಾಫಿಪುಡಿ

ಹಳೇರೀಲು ಸರ್, ಮುಂದಿನ ಭಾನುವಾರಕ್ಕೆ ‘ಬೆಳ್ಳಿಮೋಡ’ ಹಾಕು ಅಂತ ಆರ್ಡರ್ ಆಗಿದೆ. ಸಾರು ಮೊದಲೇ ಮಾಡಿಟ್ಟು ಕೂರಬೇಕಂತೆ.